ಕೋಳಿಮರಿ ಪೆಟ್ಟಿಗೆಯಿಂದ ಎನ್‌ಐಸಿಯುವರೆಗೆ: ಅವಳಿಗಳಿಗೊಂದು ಆಸ್ಪತ್ರೆ ಹುಡುಕುತ್ತಾ...

ತಂಗಿಗೆ ಅವಳಿ ಮಕ್ಕಳು ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನ ಮನೆಯಲ್ಲಿ ಹೋಳಿಗೆ ಊಟ. ಮರುದಿನದಿಂದ ಜಗಳ ಶುರು :-)

ಜಗಳದ ವಿಷಯ ಇಷ್ಟೇ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಮ್ಮ. ನಮ್ಮದು ಮಲೆನಾಡಿನ ಸಣ್ಣ ಪೇಟೆ. ಒಳ್ಳೆಯ ಹೆರಿಗೆ ಡಾಕ್ಟರು ಇದ್ದಾರೆ. ಆದರೆ ದಿನ ತುಂಬದೆ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಆಸ್ಪತ್ರೆ ಬೇಕೆಂದರೆ ಘಟ್ಟದ ರಸ್ತೆಯಲ್ಲಿ ಎರಡೂವರೆ ಗಂಟೆ ಹೋಗಬೇಕು. ಡಾಕ್ಟರು ಕೊಟ್ಟಿರುವ ತಾರೀಖು ಆಗಸ್ಟ್‌ನಲ್ಲಿ. ಸ್ವಲ್ಪ ಮುಂಚೆ ಆದರೆ ಜುಲೈ, ಜಡಿಮಳೆ. ತಂಗಿಯ ಗಂಡನಿಗೆ ಬೆಂಗಳೂರಲ್ಲೇ ಆಗಲಿ ಅಂತ. "ಏನಾದ್ರೂ ಆದ್ರೆ ಆಂಬುಲೆನ್ಸ್ ಇಲ್ವೇನೋ? ಹುಟ್ಟಿದ ಮೇಲೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ರಾಯ್ತು" ಅಂತ ಅಮ್ಮ ನನ್ನನ್ನೇ ಪಂಚಾಯ್ತಿಗೆ ಕೂರಿಸಿದಳು.

ಕೇಳಿದರೆ ಸರಿ ಅನ್ನಿಸುವ ಮಾತೇ. ನಾನು ಡಾಕ್ಟರಲ್ಲ. ಹಾಗಾಗಿ ಗೊತ್ತಿರುವ ಕೆಲಸ ಮಾಡಿದೆ, ಓದಲು ಕೂತೆ. ಓದುತ್ತಾ ಹೋದಂತೆ, ಅಮ್ಮ ಕೇಳಿದ ಪ್ರಶ್ನೆಯನ್ನೇ ಪ್ರಪಂಚ ಸುಮಾರು ನೂರು ವರ್ಷ ಕೇಳಿಕೊಂಡಿದೆ ಅಂತ ಗೊತ್ತಾಯಿತು. ಆ ಕಥೆ ಇಲ್ಲಿದೆ.

ಶುರುವಾಗೋದು ಪ್ಯಾರಿಸ್ಸಿನಲ್ಲಿ, ಅದೂ ಕೋಳಿಗಳಿಂದ! ಸ್ಟೆಫಾನ್ ಟಾರ್ನಿಯೇ ಅಂತ ಒಬ್ಬ ಹೆರಿಗೆ ವೈದ್ಯ. ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಮೊಟ್ಟೆಗಳಿಗೆ ಶಾಖ ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆ ನೋಡಿದ. ಅದನ್ನು ಮಾಡಿದವನ ಹತ್ತಿರವೇ ಮಕ್ಕಳಿಗೂ ಅಂಥದ್ದೊಂದನ್ನು ಮಾಡಿಸಿಕೊಂಡು 1880ರಲ್ಲಿ ಪ್ಯಾರಿಸ್ ಮೆಟರ್ನಿಟಿ ಆಸ್ಪತ್ರೆಯಲ್ಲಿ ಇಡಿಸಿದ. ಕೆಳಗೆ ಬಿಸಿನೀರು, ಮೇಲೆ ಮಗು. ಎರಡು ಕೆಜಿಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಅಲ್ಲಿ ಅದಕ್ಕೆ ಮುಂಚೆ ನೂರಕ್ಕೆ 66 ಸಾಯುತ್ತಿದ್ದವು. ಪೆಟ್ಟಿಗೆ ಬಂದ ಮೇಲೆ 38.

ಇದನ್ನು ಓದುವಾಗ ನಮ್ಮ ಅಜ್ಜಿ ನೆನಪಾದಳು. ಅರವತ್ತರ ದಶಕದಲ್ಲಿ ಅವಳಿಗೂ ಎಂಟನೇ ತಿಂಗಳಲ್ಲಿ ಅವಳಿ ಹುಟ್ಟಿದ್ದವು. ಸೂಲಗಿತ್ತಿ ಎರಡೂ ಕೂಸುಗಳನ್ನು ಹತ್ತಿಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಬಚ್ಚಲ ಒಲೆಯ ಪಕ್ಕ ಇಟ್ಟಿದ್ದಳಂತೆ. ಟಾರ್ನಿಯೇ ಹೆಸರು ಕೇಳದೆಯೇ ಟಾರ್ನಿಯೇ ಮಾಡಿದ್ದನ್ನೇ ಮಾಡಿದ್ದಳು. ಒಂದು ಉಳಿಯಿತು, ಅದು ನಮ್ಮ ಚಿಕ್ಕಮಾವ. ಇನ್ನೊಂದು ಮೂರನೇ ದಿನ ಹೋಯಿತು. ಉಸಿರು ಎಳೆದುಕೊಳ್ಳುತ್ತಿತ್ತು ಅಂತ ಮಾತ್ರ ಅಮ್ಮ ಹೇಳುತ್ತಾಳೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮುಂದಿನ ಅಧ್ಯಾಯ ಇನ್ನೂ ವಿಚಿತ್ರ. ಮಾರ್ಟಿನ್ ಕೂನಿ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ, ಜಾತ್ರೆಯಂಥ ಮನರಂಜನಾ ಪಾರ್ಕಿನಲ್ಲಿ, ದಿನ ತುಂಬದ ಮಕ್ಕಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಪ್ರದರ್ಶನಕ್ಕಿಟ್ಟ. 1903ರಿಂದ 1943ರವರೆಗೆ ಪ್ರತಿ ಬೇಸಿಗೆಯಲ್ಲೂ! ಜನ ಟಿಕೆಟ್ ಕೊಂಡು ನೋಡುತ್ತಿದ್ದರು. ಆ ದುಡ್ಡಿನಲ್ಲೇ ನರ್ಸುಗಳ ಸಂಬಳ, ಮಕ್ಕಳ ಹಾಲು, ಎಲ್ಲ. ಅಪ್ಪ ಅಮ್ಮಂದಿರಿಂದ ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಆತ ನಿಜವಾಗಿ ಡಾಕ್ಟರ್ ಆಗಿದ್ದನೇ ಅನ್ನುವುದಕ್ಕೆ ಇವತ್ತಿಗೂ ದಾಖಲೆ ಸಿಕ್ಕಿಲ್ಲ. ಆದರೆ ತನ್ನ ಕೈಯಲ್ಲಿ ಆರೂವರೆ ಸಾವಿರ ಮಕ್ಕಳು ಉಳಿದವು ಅಂತ ಅವನೇ ಲೆಕ್ಕ ಹೇಳುತ್ತಿದ್ದ.

1920ರಲ್ಲಿ ಬ್ರೂಕ್ಲಿನ್‌ನಲ್ಲಿ ಒಬ್ಬ ತಾಯಿಗೆ ದಿನ ತುಂಬುವ ಮೊದಲೇ ಅವಳಿ ಹುಟ್ಟಿದವು. ಒಂದು ಹುಟ್ಟುವಾಗಲೇ ತೀರಿಹೋಯಿತು. ಇನ್ನೊಂದು ಹೆಣ್ಣುಮಗು, ಇದೂ ಉಳಿಯಲ್ಲ ಅಂತ ಆಸ್ಪತ್ರೆಯವರು ಕೈಚೆಲ್ಲಿದರು. ಅಪ್ಪ ಸುಮ್ಮನೆ ಕೂರಲಿಲ್ಲ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಟ್ಯಾಕ್ಸಿ ಹಿಡಿದು ಸೀದಾ ಕೋನಿ ಐಲೆಂಡಿಗೆ ಹೋದ. ಆ ಮಗು ಬದುಕಿತು. ತೊಂಬತ್ತು ದಾಟುವವರೆಗೆ ಬದುಕಿತು!

ನೋಡಿ, ಆ ಕಾಲದ "ಆಸ್ಪತ್ರೆ ಆಯ್ಕೆ" ಅಂದರೆ ಇದು. ಹುಟ್ಟಿದ ಮೇಲೆ ಎತ್ತಿಕೊಂಡು ಓಡುವುದು. ಓಡಿದವರ ಕಥೆಗಳಲ್ಲಿ ಗೆದ್ದವು ಮಾತ್ರ ನಮ್ಮವರೆಗೆ ಬರುತ್ತವೆ. ದಾರಿಯಲ್ಲೇ ಮುಗಿದವನ್ನು ಯಾರು ಹೇಳುತ್ತಾರೆ?

ಒಂದು ಕಥೆ ಮಾತ್ರ ಎಲ್ಲರಿಗೂ ಗೊತ್ತಾಯಿತು. ಯಾಕೆಂದರೆ ಆ ಅಪ್ಪ ಅಮೆರಿಕದ ಅಧ್ಯಕ್ಷ.

1963ರ ಆಗಸ್ಟ್ 7. ಜಾನ್ ಕೆನಡಿಯ ಹೆಂಡತಿ ಜಾಕ್ವೆಲಿನ್‌ಗೆ ಐದೂವರೆ ವಾರ ಮುಂಚೆಯೇ ನೋವು ಬಂತು. ಹತ್ತಿರದ ವಾಯುಸೇನಾ ನೆಲೆಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಗಂಡುಮಗು, ಪ್ಯಾಟ್ರಿಕ್, ತೂಕ ಸುಮಾರು 2.1 ಕೆಜಿ. ಉಸಿರಾಟಕ್ಕೆ ಕಷ್ಟ ಅಂತ ಗೊತ್ತಾದ ಮೇಲೆ ಆಂಬುಲೆನ್ಸಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಕರೆದೊಯ್ದರು. ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟು ನೋಡಿದರು. ಹುಟ್ಟಿ 39 ಗಂಟೆಗೆ ಮಗು ತೀರಿಕೊಂಡಿತು. ತಾಯಿ ಅಷ್ಟು ಹೊತ್ತೂ ಬೇರೆ ಊರಿನ ಆಸ್ಪತ್ರೆಯಲ್ಲೇ ಇದ್ದಳು.

ದುಡ್ಡಿತ್ತು, ಅಧಿಕಾರ ಇತ್ತು, ಆಂಬುಲೆನ್ಸ್ ಇತ್ತು. ಅಂದಿನ ದಿನ ಬಾಸ್ಟನ್ನಿನಲ್ಲೇ ಹುಟ್ಟಿದ್ದರೂ ಉಳಿಯುತ್ತಿತ್ತು ಅಂತ ಹೇಳಲಾಗದು, ಯಾಕೆಂದರೆ ಆ ಕಾಯಿಲೆಗೆ ಔಷಧವೇ ಇರಲಿಲ್ಲ. ಕಾರಣ ಮಾತ್ರ ಆಗಷ್ಟೇ ತಿಳಿದಿತ್ತು. ನಮ್ಮ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಮುದುಡಿ ಅಂಟಿಕೊಳ್ಳದಂತೆ ಒಂದು ತೆಳು ಪದರ ಕಾಯುತ್ತದೆ, ಹೆಸರು ಸರ್ಫ್ಯಾಕ್ಟಂಟ್. ದಿನ ತುಂಬದ ಮಕ್ಕಳಲ್ಲಿ ಅದು ಸಾಕಷ್ಟು ತಯಾರಾಗಿರುವುದಿಲ್ಲ ಅಂತ 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ ತೋರಿಸಿಕೊಟ್ಟಿದ್ದರು. ನಮ್ಮ ಅಜ್ಜಿಯ ಮಗು ಉಸಿರು ಎಳೆದುಕೊಳ್ಳುತ್ತಿದ್ದುದೂ ಇದರಿಂದಲೇ ಇರಬಹುದೇನೋ.

ಪ್ಯಾಟ್ರಿಕ್ ಸಾವಿನ ನಂತರ ಈ ವಿಷಯಕ್ಕೆ ಗಮನವೂ ಬಂತು, ಹಣವೂ ಬಂತು. ಅದಕ್ಕೂ ಮುಂಚೆ, 1960ರಲ್ಲಿ, ಅಮೆರಿಕದ ಯೇಲ್‌ನಲ್ಲಿ ಲೂಯಿಸ್ ಗ್ಲಕ್ ನವಜಾತ ಶಿಶುಗಳಿಗೇ ಅಂತ ಒಂದು ತೀವ್ರ ನಿಗಾ ಘಟಕ ಶುರು ಮಾಡಿದ್ದರು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ, ಮೆಲ್ಲಗೆ ಗಾಳಿಯ ಒತ್ತಡ ಕೊಟ್ಟು ಗಾಳಿಚೀಲ ಮುದುಡದಂತೆ ಹಿಡಿಯುವ ವಿಧಾನ ತಂದರು. ಇವತ್ತು ಎಲ್ಲರ ಬಾಯಲ್ಲಿರುವ "ಸಿಪ್ಯಾಪ್". 1980ರಲ್ಲಿ ಜಪಾನಿನ ಫುಜಿವಾರಾ ಸರ್ಫ್ಯಾಕ್ಟಂಟನ್ನೇ ಮಗುವಿನ ಶ್ವಾಸಕೋಶಕ್ಕೆ ಹಾಕಿ ಗೆದ್ದರು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನ್ಯೂಜಿಲೆಂಡಿನ ಕುರಿಮರಿ ಕಥೆ. ಲಿಗ್ಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಸ್ಟೀರಾಯ್ಡ್ ಪ್ರಯೋಗ ಮಾಡುತ್ತಿದ್ದರು. ಸತ್ತೇ ಹೋಗಬೇಕಿದ್ದಷ್ಟು ಮುಂಚೆ ಹುಟ್ಟಿದ ಮರಿಯೊಂದು ಉಸಿರಾಡುತ್ತಿತ್ತು! ಆ ಎಳೆ ಹಿಡಿದು ಅವರು ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಹೆರಿಗೆಗೆ ಮೊದಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅದಕ್ಕೆ ಸುಮಾರು ಒಂದು ದಿನದ ಅವಕಾಶ ಸಿಕ್ಕರೆ ಪೂರ್ತಿ ಲಾಭ.

ಇಲ್ಲೇ ಅಮ್ಮನ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು. ಚಿಕಿತ್ಸೆ ಶುರುವಾಗುವುದು ಮಗು ಹುಟ್ಟಿದ ಮೇಲಲ್ಲ, ಅದಕ್ಕೂ ಮುಂಚೆ.

1976ರಲ್ಲಿ ಅಮೆರಿಕದ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಒಂದು ವರದಿ ತಂದಿತು. ಹೆರಿಗೆ ಆಸ್ಪತ್ರೆಗಳನ್ನು ಮೂರು ಹಂತ ಮಾಡಿ: ಒಂದನೆಯದು ಸಾಮಾನ್ಯ ಹೆರಿಗೆಗೆ, ಮೂರನೆಯದು ಅತಿ ಕಷ್ಟದ್ದಕ್ಕೆ. ಅಪಾಯ ಮೊದಲೇ ಗೊತ್ತಿದ್ದರೆ ತಾಯಿಯನ್ನೇ ಸರಿಯಾದ ಹಂತದ ಆಸ್ಪತ್ರೆಗೆ ಕಳಿಸಿ. ಅಂದರೆ, ಮಗುವನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಅಲ್ಲಿಂದೀಚೆಗೆ ನಡೆದ ಹಲವಾರು ಅಧ್ಯಯನಗಳನ್ನು 2010ರಲ್ಲಿ ಒಟ್ಟು ಸೇರಿಸಿ ನೋಡಿದರು. ಒಂದೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳು ಮೂರನೇ ಹಂತದ ಆಸ್ಪತ್ರೆಯಲ್ಲಿ ಹುಟ್ಟಿದಾಗ ಸತ್ತವು ನೂರಕ್ಕೆ 23. ಬೇರೆ ಕಡೆ ಹುಟ್ಟಿದಾಗ 38.

ಅಲ್ಲಾ, ನಮ್ಮ ತಂಗಿಗೆ ಇದೆಲ್ಲ ಯಾಕೆ ಅಂತೀರಾ? ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಒಂಟಿ ಮಗುವಿನಲ್ಲಿ ಅದು ಹತ್ತಕ್ಕೊಂದು. ಎಲ್ಲಕ್ಕೂ ತೀವ್ರ ನಿಗಾ ಬೇಕಾಗುವುದಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಕೊಡೆ ಬಿಟ್ಟು ಹೋಗುವವರುಂಟೇ?

ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಯಂತ್ರ ಇದ್ದ ಮಾತ್ರಕ್ಕೆ ಆಸ್ಪತ್ರೆ ಒಳ್ಳೆಯದಲ್ಲ. 1940ರ ದಶಕದಲ್ಲಿ ಅಮೆರಿಕದ ಅತ್ಯುತ್ತಮ ಆಸ್ಪತ್ರೆಗಳಲ್ಲೇ ದಿನ ತುಂಬದ ಮಕ್ಕಳು ಕುರುಡಾಗತೊಡಗಿದವು. ಹತ್ತು ವರ್ಷ ಕಾರಣ ಗೊತ್ತಾಗಲಿಲ್ಲ. ಕೊನೆಗೆ, 1954ರ ಹೊತ್ತಿಗೆ, ಒಂದು ದೊಡ್ಡ ಪ್ರಯೋಗದಿಂದ ತಿಳಿಯಿತು: ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಕಣ್ಣಿನ ನರಪರದೆಯನ್ನು ಕೆಡಿಸುತ್ತಿತ್ತು. ಹಾಡುಗಾರ ಸ್ಟೀವಿ ವಂಡರ್ 1950ರಲ್ಲಿ ಹುಟ್ಟಿ ಕಣ್ಣು ಕಳೆದುಕೊಂಡದ್ದು ಇದೇ ಕಾಯಿಲೆಯಿಂದ. ಅದಕ್ಕೇ ಈಗ ಆಮ್ಲಜನಕವನ್ನು ಅಳೆದು ಕೊಡುತ್ತಾರೆ, ಒಂದು ತಿಂಗಳೊಳಗೆ ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ನಮ್ಮ ಕರ್ನಾಟಕದ ಸಣ್ಣ ಊರುಗಳ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದಲ್ಲಿರುವ ತಜ್ಞರಿಗೆ ಕಳಿಸುವ "ಕಿಡ್‌ರಾಪ್" ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲೇ ಶುರು ಮಾಡಿತು. ಹೆಮ್ಮೆಯ ವಿಷಯ.

ಇನ್ನೊಂದು ಪಾಠ ಬಂದದ್ದು ಬಡತನದಿಂದ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ, ಡಾ. ಎಡ್ಗರ್ ರೇ ಮಕ್ಕಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಅಂತ ಹೆಸರಾಯಿತು. ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಸಾವು ಕಾಲುಭಾಗ ಕಡಿಮೆಯಾಯಿತು. ಅಲ್ಲಿ ತಾಯಂದಿರಿಗೆ ನಿಗಾ ಘಟಕದ ಒಳಗೇ ಹಾಸಿಗೆ ಕೊಟ್ಟಿದ್ದರು. ಬಾಗಿಲ ಹೊರಗೆ ಕೂರಿಸಿರಲಿಲ್ಲ.

ನಮ್ಮ ದೇಶದಲ್ಲಿ ದೊಡ್ಡ ಊರುಗಳಾಚೆ ಇದು ಬಂದದ್ದು ತಡವಾಗಿ. ಬಂಗಾಳದ ಪುರುಲಿಯಾ ಜಿಲ್ಲಾಸ್ಪತ್ರೆಯಲ್ಲಿ 2003ರಲ್ಲಿ ಶುರುವಾದ ವಿಶೇಷ ನವಜಾತ ಶಿಶು ಘಟಕ ಎಲ್ಲ ಕಡೆಗೂ ಮಾದರಿಯಾಯಿತು. 2011ರ ಸರ್ಕಾರಿ ಮಾರ್ಗಸೂಚಿಯಲ್ಲೂ ಮೂರು ಮೆಟ್ಟಿಲು: ಪ್ರತಿ ಹೆರಿಗೆ ಕೋಣೆಯಲ್ಲಿ ಮಗುವಿಗೊಂದು ಮೂಲೆ, ಅದರ ಮೇಲೆ ಮಗುವನ್ನು ಸ್ಥಿರಗೊಳಿಸುವ ಸಣ್ಣ ಘಟಕ, ಜಿಲ್ಲೆಯಲ್ಲಿ ವಿಶೇಷ ಘಟಕ. ಅದೇ ವರ್ಷ ಬಂದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಖಾಸಗಿಯಲ್ಲಿ ದಿನದ ಲೆಕ್ಕ, ಅವಳಿಯಾದರೆ ಎರಡರಷ್ಟು.

ಇಷ್ಟು ಓದಿದ ಮೇಲೆ ತಂಗಿಗೆ ಒಂದು ಚೀಟಿ ಬರೆದುಕೊಟ್ಟೆ, ಆಸ್ಪತ್ರೆಯಲ್ಲಿ ಕೇಳೋಕೆ. ಮಕ್ಕಳ ನಿಗಾ ಘಟಕ ಇದೇ ಕಟ್ಟಡದಲ್ಲಿದೆಯೋ, ಬೋರ್ಡಿನಲ್ಲಿ ಮಾತ್ರವೋ? ಎಷ್ಟು ವಾರದ, ಎಷ್ಟು ತೂಕದ ಮಗುವನ್ನು ಇಲ್ಲೇ ನೋಡಿಕೊಳ್ಳುತ್ತೀರಿ, ಯಾವುದನ್ನು ಬೇರೆ ಕಡೆ ಕಳಿಸುತ್ತೀರಿ? ರಾತ್ರಿ ಎರಡು ಗಂಟೆಗೆ ಶಿಶುತಜ್ಞರು ಇರುತ್ತಾರಾ? ಸಿಪ್ಯಾಪ್, ವೆಂಟಿಲೇಟರ್, ಸರ್ಫ್ಯಾಕ್ಟಂಟ್ ಇದೆಯಾ? ಕಣ್ಣು ಪರೀಕ್ಷೆ ಯಾರು ಮಾಡುತ್ತಾರೆ? ತಾಯಿಯನ್ನು ಒಳಗೆ ಬಿಡುತ್ತೀರಾ? ದಿನಕ್ಕೆ ಎಷ್ಟಾಗುತ್ತದೆ?

ಅಮ್ಮನಿಗೆ ಈ ಚೀಟಿ ಓದಿ ಹೇಳಲಿಲ್ಲ. ಕೆನಡಿಯ ಮಗುವಿನ ಕಥೆ ಮಾತ್ರ ಹೇಳಿದೆ. "ಅಷ್ಟು ದೊಡ್ಡವರಿಗೂ ಹಾಗಾಯ್ತೇನೋ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಣಂತನದ ಸಾಮಾನೆಲ್ಲ ಕಟ್ಟಿಕೊಂಡು ತಾನೇ ಬೆಂಗಳೂರಿಗೆ ಬರುತ್ತೇನೆ ಅಂತ ತೀರ್ಮಾನ ಕೊಟ್ಟಳು. ಸೀಮಂತ ಮಾತ್ರ ಊರಲ್ಲೇ, ಐದನೇ ತಿಂಗಳಲ್ಲೇ, ಡಾಕ್ಟರನ್ನು ಕೇಳಿಕೊಂಡು.

ಹೋದ ವಾರ ಅವಳನ್ನೂ ಕರೆದುಕೊಂಡು ಆಸ್ಪತ್ರೆ ನೋಡಲು ಹೋಗಿದ್ದೆವು. ನನ್ನ ಚೀಟಿಯ ಪ್ರಶ್ನೆಗಳೆಲ್ಲ ಮುಗಿದವು. ಹೊರಡುವಾಗ ಅಮ್ಮ ಅಲ್ಲಿನ ನರ್ಸನ್ನು ನಿಲ್ಲಿಸಿ ಕೇಳಿದಳು, "ಎರಡಕ್ಕೂ ಒಟ್ಟಿಗೆ ಜಾಗ ಇರುತ್ತೇನಮ್ಮಾ? ಒಂದನ್ನ ಇಲ್ಲಿಟ್ಟು ಇನ್ನೊಂದನ್ನ ಎಲ್ಲಿಗೋ ಕಳ್ಸೋದಿಲ್ಲ ತಾನೇ?"

ಚೀಟಿಯಲ್ಲಿ ನಾನು ಬರೆಯೋಕೆ ಮರೆತ ಪ್ರಶ್ನೆ ಅದೊಂದೇ. ಅವಳಿ ಹೊತ್ತಿರುವವರು ಮೊದಲು ಕೇಳಬೇಕಾದದ್ದೂ ಅದೇ.