ನಿವೃತ್ತಿಯ ನಡುಹಂತ: ಜಾಲಹಳ್ಳಿಯ ಕಾರ್ಖಾನೆ ಬಡಾವಣೆಗಳಲ್ಲಿ ಮಾರ್ಗದರ್ಶನ, ನಿಸರ್ಗ ಮತ್ತು ಸಾವಧಾನ

ಬದುಕಿನ ಒಂದು ನೆಲೆಯಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳನ್ನು ಜನಾಂಗಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನಪ್ 1909ರಲ್ಲಿ ಅಗಲಿಕೆ, ನಡುಹಂತ, ಮರುಸೇರ್ಪಡೆ ಎಂದು ವಿಂಗಡಿಸಿದರು. ನಡುಹಂತವೆಂದರೆ ಹಳೆಯ ಗುರುತು ಕಳಚಿ ಹೊಸದು ಇನ್ನೂ ಮೂಡಿರದ ಕಾಲ. ಕಾರ್ಖಾನೆ ನೌಕರರ ನಿವೃತ್ತಿಯಲ್ಲಿ ಅಗಲಿಕೆಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಬೀಳ್ಕೊಡುಗೆಯ ಭಾಷಣಗಳಿವೆ. ಮರುದಿನ ಬೆಳಗ್ಗೆ ಆರಂಭವಾಗುವ ನಡುಹಂತಕ್ಕೆ ಮಾತ್ರ ಯಾವ ವಿಧಿಯೂ ಇಲ್ಲ. ಮಾರ್ಗದರ್ಶನ, ನಿಸರ್ಗದ ಒಡನಾಟ ಮತ್ತು ಸಾವಧಾನದ ಅಭ್ಯಾಸಗಳು ನೆರವಾಗಬೇಕಾದುದು ಈ ಹಂತದಲ್ಲೇ, ಅದೂ ವ್ಯಕ್ತಿ ಕಳೆದುಕೊಂಡದ್ದು ಏನೇನನ್ನು ಎಂದು ತಿಳಿದ ಮೇಲೆಯೇ ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ಬೆಂಗಳೂರಿನ ಜಾಲಹಳ್ಳಿ ತಕ್ಕ ನಿದರ್ಶನ. 1953ರಲ್ಲಿ ಎಚ್‌ಎಂಟಿ (ಹಿಂದುಸ್ತಾನ್ ಮೆಷಿನ್ ಟೂಲ್ಸ್), 1954ರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಲ್ಲಿ ಸ್ಥಾಪನೆಯಾದವು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿಯ ಕೈಗಡಿಯಾರ ತಯಾರಿಕೆ ಆರಂಭವಾಯಿತು. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಾಲುಮರಗಳ ರಸ್ತೆಗಳು ಬೆಳೆದುದರಿಂದ ಸೈರನ್ನಿನ ಸದ್ದು ಕೆಲಸದ ವೇಳೆಯನ್ನಷ್ಟೇ ಅಲ್ಲದೆ ಮನೆಯ ಅಡುಗೆಯ ವೇಳೆಯನ್ನೂ ನಿರ್ಧರಿಸುತ್ತಿತ್ತು. ಹೀಗಾಗಿ ಕ್ವಾರ್ಟರ್ಸಿನಲ್ಲಿದ್ದ ನೌಕರನಿಗೆ ನಿವೃತ್ತಿಯೆಂದರೆ ಸಂಬಳ ನಿಲ್ಲುವುದಷ್ಟೇ ಆಗಿರಲಿಲ್ಲ. ಮನೆ ಖಾಲಿ ಮಾಡಬೇಕಿತ್ತು, ನೆರೆಹೊರೆ ಚದುರುತ್ತಿತ್ತು, ದಿನದ ಲಯವೇ ಕಳೆದುಹೋಗುತ್ತಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿದಾಗ ಉಳಿದಿದ್ದವರ ಪಾಲಿಗೆ ಬಂದ ಸ್ವಯಂ ನಿವೃತ್ತಿ, ವಯಸ್ಸಿಗೆ ತಕ್ಕಂತೆ ಕಾದು ಬರುವ ನಿವೃತ್ತಿಗಿಂತ ಕಠಿಣವಾದುದು, ಏಕೆಂದರೆ ಅಲ್ಲಿ ಮರಳಿ ನೋಡಲು ಸಂಸ್ಥೆಯೂ ಉಳಿಯಲಿಲ್ಲ.

ಅಮೆರಿಕದ ಆಪ್ತಸಮಾಲೋಚನಾ ತಜ್ಞೆ ನ್ಯಾನ್ಸಿ ಶ್ಲಾಸ್‌ಬರ್ಗ್ ಇಂಥ ಸ್ಥಿತ್ಯಂತರಗಳನ್ನು ಅರಿಯಲು 1980ರ ದಶಕದಲ್ಲಿ ರೂಪಿಸಿದ ಚೌಕಟ್ಟಿನಲ್ಲಿ ಪರಿಸ್ಥಿತಿ, ವ್ಯಕ್ತಿತ್ವ, ಆಸರೆ, ಉಪಾಯ ಎಂಬ ನಾಲ್ಕು ಅಂಶಗಳಿವೆ. ಜೀವನ ಮಾರ್ಗದರ್ಶಕರು, ಅಂದರೆ ರೋಗಚಿಕಿತ್ಸೆ ಮಾಡದೆ ಪ್ರಶ್ನೆಗಳ ಮೂಲಕ ಮುಂದಿನ ಹಾದಿಯನ್ನು ವ್ಯಕ್ತಿಯೇ ಕಂಡುಕೊಳ್ಳುವಂತೆ ಮಾಡುವವರು, ಬಹುಮಟ್ಟಿಗೆ ನಾಲ್ಕನೆಯದರಿಂದ ಆರಂಭಿಸುತ್ತಾರೆ. ಜಾಲಹಳ್ಳಿಯ ಸಂದರ್ಭದಲ್ಲಿ ಮೊದಲು ಕೇಳಬೇಕಾದುದು ಆಸರೆಯ ಕುರಿತು: ಶಿಫ್ಟ್ ಮುಗಿಸಿ ಜೊತೆಗೆ ಚಹಾ ಕುಡಿಯುತ್ತಿದ್ದವರು ಈಗ ಎಲ್ಲಿದ್ದಾರೆ?

ನಿಸರ್ಗದ ಪರಿಣಾಮಕ್ಕೆ ಆಧಾರವಾಗಿ ಪದೇ ಪದೇ ಉಲ್ಲೇಖಗೊಳ್ಳುವುದು ರೋಜರ್ ಉಲ್ರಿಚ್ ಅವರ 1984ರ ಅಧ್ಯಯನ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ಪ್ರಬಲ ನೋವುಶಾಮಕಗಳನ್ನೂ ಕಡಿಮೆ ಬಳಸಿದರು. ಅಲ್ಲಿದ್ದುದು ತಲಾ 23 ರೋಗಿಗಳ ಎರಡು ಗುಂಪು ಮಾತ್ರ. ಅದನ್ನು ನಿವೃತ್ತರಿಗೆ ನೇರವಾಗಿ ಅನ್ವಯಿಸುವುದು ಸಲ್ಲದು. ದಣಿದ ಗಮನ ಎಲೆಯ ಅಲುಗಾಟದಂಥ, ಒತ್ತಾಯವಿಲ್ಲದೆ ಸೆಳೆಯುವ ನೋಟಗಳಿಂದ ಚೇತರಿಸಿಕೊಳ್ಳುತ್ತದೆಂಬ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ಅವರ ಸಿದ್ಧಾಂತ ಇಲ್ಲಿಗೆ ಹೆಚ್ಚು ಹೊಂದುತ್ತದೆ. ವಾನಪ್ರಸ್ಥದ ಪರಿಕಲ್ಪನೆಯೂ ಸ್ಥಿತ್ಯಂತರವನ್ನು ಕಾಡಿನೊಂದಿಗೆ ಬೆಸೆದಿತ್ತಾದರೂ, ಅದು ಕೆಲವೇ ವರ್ಣಗಳ ಪುರುಷರಿಗೆ ವಿಧಿಸಿದ ಆದರ್ಶವಾಗಿದ್ದುದನ್ನು ಮರೆತು ಎಲ್ಲರ ಪರಂಪರೆಯೆಂದು ಹೇಳುವುದು ಸರಿಯಲ್ಲ.

ಸಾವಧಾನವೆಂದರೆ ಈ ಕ್ಷಣದ ಅನುಭವವನ್ನು ತೀರ್ಪು ನೀಡದೆ ಗಮನಿಸುವ ರೂಢಿ. ಬೌದ್ಧ ಧ್ಯಾನದಿಂದ ಬಂದ ಇದನ್ನು ಜಾನ್ ಕಬಾಟ್-ಜಿನ್ 1979ರಲ್ಲಿ ಮೆಸಾಚುಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ಹಲವು ವಾರಗಳ ತರಬೇತಿಯಾಗಿ ರೂಪಿಸಿದರು. ಎಚ್‌ಎಂಟಿಯ ಗಡಿಯಾರ ಜೋಡಣೆಯಲ್ಲಿ ದುಡಿದ ಮಹಿಳೆಯರೂ ಪುರುಷರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುತ್ತಿದ್ದವರು; ಗಮನ ಅವರಿಗೆ ಹೊಸ ವಿದ್ಯೆಯಲ್ಲ. ಆದರೆ ಆ ಗಮನಕ್ಕೆ ದಿನದ ಗುರಿಯಿತ್ತು, ತಪ್ಪು ಹಿಡಿಯುವ ತಪಾಸಣೆಯಿತ್ತು. ಗುರಿಯಿಲ್ಲದೆ ಗಮನಿಸುವುದು ಅವರಿಗೆ ಕಷ್ಟವಾಗುವುದು ಸಹಜವಾದ್ದರಿಂದ, ಕಣ್ಣುಮುಚ್ಚಿ ಕೂರಿಸುವುದಕ್ಕಿಂತ ನಿಧಾನದ ನಡಿಗೆಯಿಂದ, ಗಿಡದ ಆರೈಕೆಯಿಂದ ಆರಂಭಿಸುವುದು ಲೇಸು. ನಿದ್ರೆಗೇಡು, ನಿರಾಸೆ ವಾರಗಟ್ಟಲೆ ಮುಂದುವರಿದರೆ ಮಾರ್ಗದರ್ಶಕರು ತಮ್ಮ ಮಿತಿಯನ್ನರಿತು ನಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳುಹಿಸಲೇಬೇಕು.

ಈ ಎಲ್ಲಕ್ಕೂ ಮರಗಳಿರುವ ನೆಲ ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಪೀಣ್ಯ–ಜಾಲಹಳ್ಳಿ ನೆಡುತೋಪಿನಲ್ಲಿ ಎಚ್‌ಎಂಟಿ ವಶದಲ್ಲಿರುವ ಜಮೀನು ಅರಣ್ಯವೆಂದು 2024ರಲ್ಲಿ ರಾಜ್ಯ ಸರ್ಕಾರ ಹಕ್ಕು ಮಂಡಿಸಿದ ಬಳಿಕ ಚರ್ಚೆ ಒಡೆತನ, ಬೆಲೆ, ಮಾರಾಟಗಳ ಸುತ್ತಲೇ ನಡೆದಿದೆ. ಆ ನೆಲ ಯಾರ ಕೈಗೆ ಬಂದರೂ, ಕಾರ್ಖಾನೆಗೆ ದುಡಿದವರಿಗೆ ಅಲ್ಲಿ ಬೆಳಗಿನ ಹೊತ್ತು ನಡೆಯುವ ಹಕ್ಕನ್ನು ಒಪ್ಪಂದದ ಷರತ್ತಾಗಿಯೇ ಬರೆದಿಡಬೇಕು.