ಯಾರದೋ ಸಾಲ, ನಮ್ಮ ಹೆಸರು



2023ರ ಬೇಸಿಗೆ ರಜೆಯಲ್ಲಿ ರಾಯದುರ್ಗದಲ್ಲಿ ಒಂದು ಚಿಕ್ಕ ಮನೆ ಕಟ್ಟಿಸೋಣವೆಂದು ನಾವು ಬ್ಯಾಂಕೊಂದಕ್ಕೆ ಸಾಲದ ಅರ್ಜಿ ಹಾಕಿದೆವು. ಇಪ್ಪತ್ತು ವರ್ಷದ ಸರ್ಕಾರಿ ನೌಕರಿ, ತಿಂಗಳು ತಿಂಗಳು ಬರುವ ಸಂಬಳ. ಸಾಲ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ನಮಗಿತ್ತು. ವಾರ ಕಳೆದ ಮೇಲೆ ಹೋದರೆ ಅಲ್ಲಿನ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಮೇಷ್ಟ್ರೇ, ನೀವು ಬೈಕಿನ ಸಾಲ ಕಟ್ಟಿಲ್ಲವಲ್ಲಾ" ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ನಾವು ಬೈಕು ಕೊಂಡದ್ದು ಕೈಯಿಂದ ದುಡ್ಡು ಕೊಟ್ಟು! ಆದರೂ ಪರದೆಯ ಮೇಲೆ ನಮ್ಮದೇ ಹೆಸರು, ನಮ್ಮದೇ ಹುಟ್ಟಿದ ತಾರೀಖು, ಅದರ ಮುಂದೆ 2016ರ ಒಂದು ಸಾಲ, ಅದರ ಮುಂದೆ 'ರೈಟನ್ ಆಫ್' ಎಂಬ ಎರಡು ಪದ.

ಸಹಕಾರ ಸಂಘದವರ ಭಾಷೆಯಲ್ಲಿ ಹೇಳುವುದಾದರೆ ನಾವು ಸುಸ್ತಿದಾರರು. ನಮ್ಮ ಹಿಂದೆ ಪಾಳಿಯಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ನಿಂತಿದ್ದರು. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ತಲೆ ತಗ್ಗಿಸಿಕೊಂಡು ಹೊರಗೆ ಬಂದೆವು.

ಆಮೇಲೆ ಸಮಾಧಾನವಾಗಿ ಕೂತು ಯೋಚಿಸಿದಾಗ ಗುಟ್ಟು ತಿಳಿಯಿತು. ನಮ್ಮ ಹುಟ್ಟಿದ ತಾರೀಖು ಜೂನ್ 1. ನಮ್ಮ ಮಡಕಶಿರಾ ಸೀಮೆಯಲ್ಲಿ ನಮ್ಮ ವಯಸ್ಸಿನವರನ್ನು ಕೇಳಿ ನೋಡಿ, ಎಷ್ಟೋ ಜನ ಜೂನ್ 1ಕ್ಕೇ ಹುಟ್ಟಿದವರು! ಕಾರಣ ಎಲ್ಲರಿಗೂ ಗೊತ್ತು. ಅವ್ವ "ಮಳೆ ಹಿಡಿದ ವರ್ಷ, ಕಡ್ಲೆಕಾಯಿ ಕೀಳುವಾಗ ಹುಟ್ಟಿದ" ಎನ್ನುತ್ತಿದ್ದಳು. ಮೇಷ್ಟ್ರು ಶಾಲೆ ತೆರೆಯುವ ದಿನಕ್ಕೆ ಲೆಕ್ಕ ಹಾಕಿ ದಾಖಲಾತಿ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆಯುತ್ತಿದ್ದರು. ಹೆಸರೋ, ಊರಿಗೆ ಹತ್ತು ಜನರಿಗೆ ಇರುವಂಥ ದೇವರ ಹೆಸರು. ಸಾಲದ ವಿವರ ಇಡುವ ಕಂಪನಿಗಳು ಹೆಸರು, ಹುಟ್ಟಿದ ತಾರೀಖು, ವಿಳಾಸ, ಫೋನು, ಪ್ಯಾನ್ ನಂಬರು ಇವನ್ನೆಲ್ಲ ಹೊಂದಿಸಿ ಇದು ಇಂಥವರ ಸಾಲ ಎಂದು ಗುರುತು ಹಿಡಿಯುತ್ತವೆ. ಒಂದೆರಡು ಗುರುತು ಇಲ್ಲದಿದ್ದರೆ ಒಬ್ಬರ ಸಾಲ ಇನ್ನೊಬ್ಬರ ಕಡತಕ್ಕೆ ಸೇರಿಬಿಡಬಹುದು. ನಮಗೆ ಆದದ್ದೂ ಅದೇ.

ಇನ್ನು ಗಡಿನಾಡಿನವರ ಕಥೆ ಕೇಳಬೇಡಿ. ಶಾಲೆಯಲ್ಲಿ ಕನ್ನಡದಲ್ಲಿ ಬರೆದ ಹೆಸರು ರೇಷನ್ ಕಾರ್ಡಿನಲ್ಲಿ ತೆಲುಗಾಗುತ್ತದೆ, ಆಧಾರಿನಲ್ಲಿ ಇಂಗ್ಲಿಷ್ ಆಗುತ್ತದೆ. ನಾಗರಾಜ ನಾಗರಾಜು ಆಗುತ್ತಾನೆ. ನಮ್ಮಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಇನಿಷಿಯಲ್ಲು. ಇಲ್ಲಿನ ಕಚೇರಿ 'ಇಂಟಿಪೇರು' ಏನು ಎಂದು ಕೇಳುತ್ತದೆ. ಊರು ಇದ್ದಲ್ಲೇ ಇದ್ದರೂ ವಿಳಾಸ ಬದಲಾಗುತ್ತದೆ. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೀಗೆ ಒಬ್ಬನೇ ಮನುಷ್ಯ ಕಾಗದದ ಮೇಲೆ ಮೂವರಾಗಬಹುದು, ಮೂವರು ಒಬ್ಬನಾಗಿಬಿಡಬಹುದು.

ನಾವು ಮೇಷ್ಟ್ರಲ್ಲವೇ, ಪೆಟ್ಟು ಬಿದ್ದ ಮೇಲೆ ಇದು ಎಲ್ಲಿಂದ ಶುರುವಾಯಿತು ಎಂದು ಹುಡುಕಲು ಹೊರಟೆವು. ಆಗ ತಿಳಿದದ್ದು ಇಷ್ಟು: ಇನ್ನೊಬ್ಬರು ಬರೆದ ಪುಸ್ತಕದಲ್ಲಿ ನಮ್ಮ ಲೆಕ್ಕ ಇರುವುದು ಹಳೆಯ ಸಂಗತಿ. ಆ ಪುಸ್ತಕವನ್ನು ನಾವು ನೋಡಬಹುದು, ತಪ್ಪಿದ್ದರೆ ತಿದ್ದಿ ಎನ್ನಬಹುದು ಎಂಬುದು ಹೊಸ ಸಂಗತಿ. ಅದು ಸುಮ್ಮನೆ ಬರಲಿಲ್ಲ.

ನಮ್ಮ ಸೀಮೆಯಿಂದಲೇ ಶುರು ಮಾಡೋಣ. 1800ರಲ್ಲಿ ನಿಜಾಮರು ಈ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಇದಕ್ಕೆ 'ದತ್ತ ಮಂಡಲ' ಎಂಬ ಹೆಸರು ಬಂತು. 1800ರಿಂದ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರ್ ಆಗಿದ್ದವರು ಥಾಮಸ್ ಮನ್ರೋ. ರೈತವಾರಿ ಪದ್ಧತಿಯಲ್ಲಿ ಒಬ್ಬೊಬ್ಬ ರೈತನಿಗೂ ಬೇರೆ ಬೇರೆ ಲೆಕ್ಕ, ಕೈಗೆ ಪಟ್ಟಾ. ಲೆಕ್ಕ ಬರೆಯುವವರು ಊರಿನ ಕರಣಂ, ಕನ್ನಡ ಸೀಮೆಯ ಶಾನುಭೋಗರು. ವರ್ಷಕ್ಕೊಮ್ಮೆ ಜಮಾಬಂದಿ ನಡೆದಾಗ ಊರ ಲೆಕ್ಕದ ತಪಾಸಣೆ. ಹೇಳಿಕೊಳ್ಳುವುದಿದ್ದರೆ ರೈತ ಆಗ ಹೇಳಿಕೊಳ್ಳಬಹುದಿತ್ತು. ಆದರೆ ಅಕ್ಷರ ಬಾರದವನು ಕರಣಂ ಬರೆದ ಲೆಕ್ಕಕ್ಕೆ ಎದುರು ಹೇಳುವುದು ಹೇಗೆ? ಆ ಹುದ್ದೆ ಆಂಧ್ರದಲ್ಲಿ 1984ರ ತನಕವೂ ಇತ್ತು. ಎನ್.ಟಿ. ರಾಮರಾವ್ ಸರ್ಕಾರ ಅದನ್ನು ರದ್ದು ಮಾಡಿತು.

ಕಂದಾಯದ ಲೆಕ್ಕಕ್ಕಾದರೂ ಜಮಾಬಂದಿ ಇತ್ತು. ಸಾಹುಕಾರರ ಪುಸ್ತಕಕ್ಕೆ ಅದೂ ಇಲ್ಲ. ಕೊಟ್ಟದ್ದು ಎಷ್ಟು, ಬಂದದ್ದು ಎಷ್ಟು, ಬಡ್ಡಿ ಎಷ್ಟು, ಎಲ್ಲವೂ ಅವರ ಬರಹ. ರೈತನದು ಹೆಬ್ಬೆಟ್ಟು ಮಾತ್ರ. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಎಂಬ ಊರಿನಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರು ಮುಖ್ಯವಾಗಿ ಕೇಳಿದ್ದು ಸಾಲದ ಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕಿದ್ದನ್ನು ಸುಟ್ಟರು. ಗಲಭೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ನೋಡಲು ಬಿಡದ, ತಿದ್ದಲು ಬಿಡದ ಪುಸ್ತಕವನ್ನು ಸುಡುವುದೊಂದೇ ಅವರಿಗೆ ಕಂಡ ದಾರಿ. ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂತು. ಹಣ ಕಟ್ಟಿದ್ದಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಕೇಳಿದವರಿಗೆ ಪಾಸ್‌ಬುಕ್ ಕೊಡಬೇಕೆಂದು ಅದರಲ್ಲಿತ್ತು. ಪತ್ರದಲ್ಲಿ ಬರೆದದ್ದೇ ಸತ್ಯ ಎಂದು ಒಪ್ಪದೆ ಅದರ ಹಿಂದಿನ ವ್ಯವಹಾರವನ್ನು ಕೋರ್ಟು ಕೆದಕಿ ನೋಡಬಹುದೆಂದೂ ಇತ್ತು. ಇಂದು ನಮ್ಮ ಜೇಬಿನಲ್ಲಿರುವ ಪಾಸ್‌ಬುಕ್ಕಿನ ಹಿಂದೆ ಇಂಥ ಕಥೆ ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ.

ಆಮೇಲೆ ಸಹಕಾರ ಸಂಘಗಳು ಬಂದವು. 1904ರಲ್ಲಿ ಕಾಯಿದೆ, 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ. ಅಲ್ಲಿ ಸಾಲ ಕೊಡುವವರೂ ಊರವರೇ, ತೆಗೆದುಕೊಳ್ಳುವವರೂ ಊರವರೇ. ಇವನು ಯಾರ ಮಗ, ಕೊಟ್ಟ ಮಾತಿಗೆ ನಿಲ್ಲುವವನೋ ಅಲ್ಲವೋ ಎಂದು ಎಲ್ಲರಿಗೂ ಗೊತ್ತು. ಒಂದೇ ಹೆಸರಿನ ಇಬ್ಬರಿದ್ದರೆ ಮೇಲ್ಮನೆಯವನು, ಕೆಳಮನೆಯವನು ಎಂದು ಬೇರೆ ಮಾಡುತ್ತಿದ್ದರು. ಆ ಕೆಲಸವನ್ನು ಕಂಪ್ಯೂಟರ್ ಮಾಡಲಾರದು.

ಗುರುತಿಲ್ಲದವರಿಗೆ ಸಾಲ ಕೊಡಬೇಕಾದಾಗ ಹೊಸ ವಿದ್ಯೆ ಹುಟ್ಟಿತು. 1841ರಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ಟಪ್ಪನ್ ಎಂಬ ವ್ಯಾಪಾರಿ ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದರು. ಊರೂರಿನಲ್ಲಿ ವರದಿಗಾರರು, ಯಾವ ವ್ಯಾಪಾರಿ ನಂಬಿಗಸ್ತ, ಯಾರು ಕೈ ಎತ್ತುವವನು ಎಂದು ಬರೆದು ಕಳಿಸುವುದು, ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಅದನ್ನು ಏರಿಸುವುದು. ಚಂದಾ ಕಟ್ಟಿದವರಿಗೆ ಮಾತ್ರ ಮಾಹಿತಿ. ಯಾರ ಬಗ್ಗೆ ಬರೆದಿದೆಯೋ ಅವನಿಗೆ ಅದು ಗುಟ್ಟು! ಈ ಗುಟ್ಟಿಗೆ ಆ ದೇಶದಲ್ಲಿ ಕಾಯಿದೆಯ ಕಡಿವಾಣ ಬಿದ್ದದ್ದು 1970ರ ಅಕ್ಟೋಬರ್ 26ರಂದು. ನನ್ನ ಕಡತದಲ್ಲಿ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಕರಾರು ಮಾಡುವ ಹಕ್ಕು ಆಗ ಬಂತು. ಲೆಕ್ಕ ಹಾಕಿ, 129 ವರ್ಷ.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಎನ್.ಎಚ್. ಸಿದ್ದಿಕಿ ಸಮಿತಿ 1999ರಲ್ಲಿ ಇಂಥ ಸಂಸ್ಥೆ ಬೇಕೆಂದಿತು. 2000ದಲ್ಲಿ ಸಿಬಿಲ್ ಹುಟ್ಟಿತು, 2004ರಿಂದ ಜನಸಾಮಾನ್ಯರ ಸಾಲದ ವಿವರ ಕೊಡತೊಡಗಿತು. 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆ 2006ರ ಡಿಸೆಂಬರ್ 14ರಂದು ಜಾರಿಗೆ ಬಂತು. ಆಮೇಲೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಹೈ ಮಾರ್ಕ್ ಕಂಪನಿಗಳೂ ಬಂದವು.

ನಮ್ಮ ಆಂಧ್ರದಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯವಿದೆ. ವಾರದ ಕಂತಿನ ಕಿರುಸಾಲ ಕಂಪನಿಗಳ ಕಾಟ ಹೆಚ್ಚಿ, ಸಾಲಗಾರರ ಆತ್ಮಹತ್ಯೆಯ ಸುದ್ದಿಗಳು ಬಂದಾಗ 2010ರ ಅಕ್ಟೋಬರ್ 15ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿ ನಿಂತುಹೋಯಿತು. ಕಟ್ಟದ ಸಾಲ ಹಾಗೇ ಉಳಿಯಿತು. ಮರುವರ್ಷ ರಿಸರ್ವ್ ಬ್ಯಾಂಕ್ ಇಂಥ ಕಂಪನಿಗಳೂ ಸಾಲ ಮಾಹಿತಿ ಕಂಪನಿಗೆ ಸದಸ್ಯರಾಗಬೇಕೆಂದು ನಿಯಮ ಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳ ಹೆಸರಿನಲ್ಲೂ ಹೀಗೆ ಕಡತಗಳು ತೆರೆದವು. ಅವರಲ್ಲಿ ಆ ಕಡತವನ್ನು ನೋಡಿದವರು ಎಷ್ಟು ಜನ?

ಇನ್ನು ನಮ್ಮ ಕಥೆ. 2005ರ ಕಾಯಿದೆಯ 21ನೇ ಕಲಮಿನ ಪ್ರಕಾರ, ಸಾಲ ಕೇಳಿದವನು ತನ್ನ ಬಗ್ಗೆ ಬ್ಯಾಂಕು ತರಿಸಿದ ಮಾಹಿತಿಯ ಪ್ರತಿಯನ್ನು ಕೇಳಬಹುದು. ತಪ್ಪಿದ್ದರೆ ತಿದ್ದಲು ಕೋರಬಹುದು, 30 ದಿನದೊಳಗೆ ಅವರು ಕ್ರಮ ತೆಗೆದುಕೊಳ್ಳಬೇಕು. ಆದರೆ ಸಾಲ ಕೊಟ್ಟ ಸಂಸ್ಥೆ ಹೌದೆಂದು ದೃಢಪಡಿಸದೆ ಮಾಹಿತಿ ಕಂಪನಿ ತಾನಾಗಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ನಮ್ಮ ಮೊದಲ ತಕರಾರಿಗೆ ಆ ಸಾಲದ ಸಂಸ್ಥೆ "ಮಾಹಿತಿ ಸರಿ ಇದೆ" ಎಂದುಬಿಟ್ಟಿತು. ಸರಿಯೇ, ಸಾಲವೇನೋ ನಿಜ, ಆದರೆ ಸಾಲಗಾರ ನಾವಲ್ಲವಲ್ಲ! ಎರಡನೆಯ ಸಲ ಬುದ್ಧಿ ಬಂದಿತ್ತು. 'ಈ ಖಾತೆಯೇ ನಮ್ಮದಲ್ಲ' ಎಂದು ಸ್ಪಷ್ಟವಾಗಿ ಬರೆದೆವು. ಪ್ಯಾನ್, ಆಧಾರ್, ಸೇವಾ ಪುಸ್ತಕದ ಪ್ರತಿ ಲಗತ್ತಿಸಿದೆವು. ಸಾಲದ ಅರ್ಜಿಯಲ್ಲಿನ ಫೋಟೋ, ಸಹಿ ತೋರಿಸಿ ಎಂದು ಆ ಸಂಸ್ಥೆಗೂ ನೇರವಾಗಿ ಪತ್ರ ಹಾಕಿದೆವು. ಫೋಟೋದಲ್ಲಿದ್ದವರು ಬೇರೆಯವರು. ನಾಲ್ಕು ತಿಂಗಳಾದ ಮೇಲೆ ಆ ಸಾಲು ಅಳಿಯಿತು. ಅಷ್ಟರಲ್ಲಿ ಸಿಮೆಂಟು, ಕಬ್ಬಿಣದ ರೇಟು ಏರಿತ್ತು, ಅದು ಬೇರೆ ಮಾತು.

ನಮ್ಮ ಕೆಲಸ ಮುಗಿದ ಮೇಲೆ ಒಳ್ಳೆಯ ನಿಯಮವೊಂದು ಬಂತು. 2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶ 2024ರ ಏಪ್ರಿಲ್ 26ರಿಂದ ಜಾರಿಯಾಯಿತು (ಅಮೆರಿಕದ ಕಾಯಿದೆಗೂ ಇದಕ್ಕೂ ಒಂದೇ ತಾರೀಖು, ಕಾಕತಾಳೀಯ!). ದೂರು ಕೊಟ್ಟ 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ. ಸಾಲ ಕೊಟ್ಟ ಸಂಸ್ಥೆಗೆ 21 ದಿನ, ಉಳಿದದ್ದು ಮಾಹಿತಿ ಕಂಪನಿಗೆ. ಅದಕ್ಕೂ ಮೊದಲೇ, 2022ರ ಸೆಪ್ಟೆಂಬರ್ 1ರಿಂದ, ಈ ಕಂಪನಿಗಳನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯಾಪ್ತಿಗೆ ತಂದಿದ್ದರು. 2017ರಿಂದ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿ ಕಂಪನಿಯೂ ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವೂ ಇದೆ. ದುಡ್ಡು ಕೇಳುವ ದಲ್ಲಾಳಿಗಳ ಹತ್ತಿರ ಹೋಗಬೇಡಿ. ತಕರಾರು ಹಾಕಲು ಖರ್ಚಿಲ್ಲ. ಆದರೆ ದೂರಿನ ನಂಬರು, ತಾರೀಖು ಮಾತ್ರ ಬರೆದಿಟ್ಟುಕೊಳ್ಳಿ.

ಆ ಫೋಟೋದಲ್ಲಿದ್ದವರ ನೆನಪು ಈಗಲೂ ಬರುತ್ತದೆ. ನಮ್ಮ ಹೆಸರಿನವರು, ನಮ್ಮ ತಾರೀಖಿನವರು. ಅವರಿಗೂ ಯಾವುದೋ ಊರಿನ ಮೇಷ್ಟ್ರು ಜೂನ್ 1 ಎಂದು ಬರೆದುಕೊಟ್ಟಿರಬೇಕು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವೂ ಹಾಗೆ ಬರೆದದ್ದುಂಟು, ಸುಳ್ಳು ಹೇಳುವುದಿಲ್ಲ. ಆ ಮಕ್ಕಳು ಈಗ ಸಾಲ ಕೇಳುವ ವಯಸ್ಸಿಗೆ ಬಂದಿದ್ದಾರೆ. ಈಗ ದಾಖಲಾತಿಗೆ ಬಂದ ತಾಯಂದಿರಿಗೆ ಜನನ ಪ್ರಮಾಣಪತ್ರ ತರಲು ಹೇಳುತ್ತೇವೆ. ಅದರಲ್ಲಿರುವ ಹೆಸರನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆದು ಅವರ ಮುಂದೆಯೇ ಗಟ್ಟಿಯಾಗಿ ಓದುತ್ತೇವೆ. ತಪ್ಪಿದ್ದರೆ ಅಲ್ಲೇ ಹೇಳಲಿ ಎಂದು.

ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹುಟ್ಟಿದ ತಾರೀಖು ಜೂನ್ 1 ಆಗಿದ್ದರೆ, ಈ ವಾರವೇ ನಿಮ್ಮ ವರದಿ ತೆಗೆಸಿ ನೋಡಿ. ಅರ್ಥವಾಗದಿದ್ದರೆ ಶಾಲೆಗೆ ಬನ್ನಿ, ಕೂತು ಓದೋಣ.