ಬಾನಂಗಳದ ಕಸರತ್ತು: ಸಮರದಲ್ಲಿ ಎಷ್ಟು ಉಪಯುಕ್ತ?

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ಜನರ ಕಣ್ಣು ನೆಡುವುದು ಯುದ್ಧ ವಿಮಾನಗಳ ಕಸರತ್ತಿನ ಮೇಲೆಯೇ. ನೆಟ್ಟಗೆ ಮೇಲೇರಿ, ಗಾಳಿಯಲ್ಲಿ ನಿಂತಂತೆ ತೋರಿ, ಮರುಕ್ಷಣ ತರಗೆಲೆಯಂತೆ ಉದುರಿ ಮತ್ತೆ ಚಿಮ್ಮುವ ಸುಖೋಯ್ ವಿಮಾನವನ್ನು ಕಂಡವರಿಗೆ, ಇದನ್ನು ಯಾವ ಶತ್ರು ತಾನೇ ಹೊಡೆದುರುಳಿಸಬಲ್ಲ ಎನಿಸುವುದು ಸಹಜ. ಆದರೆ ಪ್ರದರ್ಶನದ ಬಾನಿಗೂ ಸಮರದ ಬಾನಿಗೂ ಬಹಳ ಅಂತರವಿದೆ.

ಲೂಪ್‌ನಿಂದ ಕೋಬ್ರಾವರೆಗೆ

1913ರಲ್ಲಿ ರಷ್ಯಾದ ಸೇನಾ ಪೈಲಟ್ ಪಯೋಟರ್ ನೆಸ್ಟೆರೋವ್ ಕೀವ್ ನಗರದ ಮೇಲೆ ವಿಮಾನದಲ್ಲಿ ಮೊದಲ ಬಾರಿಗೆ ಪೂರ್ಣ ಲಾಗ ಹಾಕಿದರು. ಸರ್ಕಾರಿ ಸ್ವತ್ತನ್ನು ಅಪಾಯಕ್ಕೆ ಒಡ್ಡಿದ ಕಾರಣಕ್ಕೆ ಅವರಿಗೆ ಬಂಧನದ ಶಿಕ್ಷೆಯಾಯಿತು. ಮರುವರ್ಷವೇ ಆರಂಭವಾದ ಮೊದಲ ಮಹಾಯುದ್ಧದಲ್ಲಿ ಇಂಥ ಲಾಗ, ಹೊರಳುಗಳೇ ಪೈಲಟ್‌ಗಳ ಪ್ರಾಣರಕ್ಷಕ ವಿದ್ಯೆಯಾದವು. ವಿಮಾನದ ಬಂದೂಕು ಮುಂದಕ್ಕೆ ಮಾತ್ರ ಗುಂಡು ಹಾರಿಸುತ್ತಿದ್ದುದರಿಂದ ಎದುರಾಳಿಯ ಬೆನ್ನು ಹತ್ತಿದವನಿಗೇ ಗೆಲುವು ಒಲಿಯುತ್ತಿತ್ತು.

ಜೆಟ್ ಯುಗದ ಅತಿ ಪ್ರಸಿದ್ಧ ಕಸರತ್ತು 'ಕೋಬ್ರಾ'. 1989ರ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಸೋವಿಯತ್ ಪರೀಕ್ಷಾರ್ಥ ಪೈಲಟ್ ವಿಕ್ಟರ್ ಪುಗಚೋವ್ ಸುಖೋಯ್-27 ವಿಮಾನದಲ್ಲಿ ಇದನ್ನು ತೋರಿಸಿ ಪಾಶ್ಚಾತ್ಯ ತಜ್ಞರನ್ನು ಬೆರಗುಗೊಳಿಸಿದರು. ವಿಮಾನ ಮುಂದೆ ಸಾಗುತ್ತಿರುವಾಗಲೇ ಅದರ ಮೂತಿ ಹೆಡೆ ಎತ್ತಿದಂತೆ ಮೇಲೆದ್ದು, ಲಂಬರೇಖೆಯನ್ನೂ ದಾಟಿ ಹಿಂದಕ್ಕೆ ವಾಲಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಸಮಸ್ಥಿತಿಗೆ ಬರುತ್ತದೆ. ಸ್ವೀಡನ್ನಿನ ಡ್ರಾಕೆನ್ ವಿಮಾನದ ಪೈಲಟ್‌ಗಳಿಗೆ 1960ರ ದಶಕದಲ್ಲೇ ಇಂಥದೊಂದು ಪಟ್ಟು ತಿಳಿದಿತ್ತು. ಮುಂದೆ ಇಂಜಿನ್ನಿನ ಬಿಸಿಗಾಳಿ ಹೊರಬೀಳುವ ನಳಿಕೆಯನ್ನೇ ಬೇಕಾದತ್ತ ತಿರುಗಿಸುವ ತಂತ್ರಜ್ಞಾನ ಬಂದಿತು. 2002ರಲ್ಲಿ ಪುಣೆಯಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದ ಸುಖೋಯ್-30 ಎಂಕೆಐ ಈ ಸೌಲಭ್ಯ ಹೊಂದಿದೆ.

ಇಡುಗಂಟಿನ ಲೆಕ್ಕ

ಆಕಾಶ ಕಾಳಗದಲ್ಲಿ ವೇಗ ಮತ್ತು ಎತ್ತರವೇ ಪೈಲಟ್‌ನ ಇಡುಗಂಟು. ಎತ್ತರವನ್ನು ವೇಗಕ್ಕೂ, ವೇಗವನ್ನು ಎತ್ತರಕ್ಕೂ ಬದಲಾಯಿಸಿಕೊಳ್ಳಬಹುದು. ಎರಡನ್ನೂ ಕಳೆದುಕೊಂಡವನಿಗೆ ಉಳಿಗಾಲವಿಲ್ಲ. ಕೋಬ್ರಾದಂಥ ಕಸರತ್ತು ಈ ಗಂಟನ್ನು ಕ್ಷಣಾರ್ಧದಲ್ಲಿ ಕರಗಿಸುತ್ತದೆ. ತೀರಾ ಸಮೀಪದಲ್ಲಿ ಬೆನ್ನಟ್ಟಿದ ಒಬ್ಬ ವೈರಿ ಇದರಿಂದ ಮುಂದೆ ಹಾದುಹೋಗಬಹುದು. ಆದರೆ ಯುದ್ಧದಲ್ಲಿ ವಿಮಾನಗಳು ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಹಿಂದಿರುವ ಎರಡನೆಯ ವೈರಿಗೆ ವೇಗವಿಲ್ಲದೆ ತೇಲುವ ವಿಮಾನ ಸುಲಭದ ಗುರಿ.

2008ರಲ್ಲಿ ಭಾರತದ ಸುಖೋಯ್‌ಗಳು ಅಮೆರಿಕದ 'ರೆಡ್ ಫ್ಲಾಗ್' ಸಮರಾಭ್ಯಾಸದಲ್ಲಿ ಪಾಲ್ಗೊಂಡ ಬಳಿಕ ಅಲ್ಲಿನ ವಾಯುಪಡೆಯ ಅಧಿಕಾರಿಯೊಬ್ಬರ ಭಾಷಣ ಅಂತರ್ಜಾಲದಲ್ಲಿ ಹರಡಿತು. ನಳಿಕೆ ತಿರುಗಿಸಿ ಬಿಗಿಯಾಗಿ ತಿರುವು ತೆಗೆದುಕೊಂಡಾಗ ಸುಖೋಯ್ ಎತ್ತರ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದವಾಗಿತ್ತು. ಭಾರತದಲ್ಲಿ ಆ ಭಾಷಣದ ಹಲವು ಅಂಶಗಳಿಗೆ ಆಕ್ಷೇಪ ವ್ಯಕ್ತವಾಯಿತಾದರೂ, ವೇಗ ಕಳೆದುಕೊಳ್ಳುವ ಅಪಾಯವನ್ನು ಅಲ್ಲಗಳೆಯುವಂತಿಲ್ಲ.

ಮೂತಿಯನ್ನು ವೈರಿಯತ್ತ ಥಟ್ಟನೆ ತಿರುಗಿಸುವ ಅಗತ್ಯವೂ ಈಗ ಕುಗ್ಗಿದೆ. ಶಿರಸ್ತ್ರಾಣದಲ್ಲೇ ಗುರಿಸೂಚಕವಿರುವುದರಿಂದ ಪೈಲಟ್ ಕತ್ತು ಹೊರಳಿಸಿ ನೋಡಿದರೆ ಸಾಕು, ಆರ್-73ರಂಥ ಕ್ಷಿಪಣಿ ಆ ದಿಕ್ಕಿನ ಗುರಿಯನ್ನು ಹಿಡಿಯುತ್ತದೆ. ಇನ್ನು ಪ್ರದರ್ಶನದ ವಿಮಾನ ಸಾಮಾನ್ಯವಾಗಿ ಅಲ್ಪ ಇಂಧನ ತುಂಬಿಕೊಂಡು, ಶಸ್ತ್ರಗಳ ಹೊರೆಯಿಲ್ಲದೆ ಹಾರುತ್ತದೆ. ಕ್ಷಿಪಣಿಗಳನ್ನೂ ಇಂಧನವನ್ನೂ ಹೊತ್ತು ಎತ್ತರದ ತೆಳುಗಾಳಿಯಲ್ಲಿ ಕಾದಾಡುವ ಅದೇ ವಿಮಾನಕ್ಕೆ ಆ ಚುರುಕು ಇರುವುದಿಲ್ಲ.

ಕಣ್ಣಿಗೆ ಕಾಣದ ಕಾಳಗ

ಇಂದಿನ ವಾಯುಸಮರದಲ್ಲಿ ಮೊದಲು ಕಂಡವನದೇ ಮೇಲುಗೈ. ಸುಖೋಯ್‌ಗಳ ಅಸ್ತ್ರ, ರಫೇಲ್‌ನ ಮೀಟಿಯೋರ್ ಕ್ಷಿಪಣಿಗಳು ಕಣ್ಣಿಗೆ ಕಾಣದಷ್ಟು ದೂರದ ಗುರಿಯನ್ನು ಬೆನ್ನಟ್ಟುತ್ತವೆ. 2019ರ ಫೆಬ್ರವರಿ 27ರ ಭಾರತ-ಪಾಕ್ ವಾಯುಸಂಘರ್ಷದ ಮರುದಿನ ಭಾರತ ಪ್ರದರ್ಶಿಸಿದ ಅಮ್ರಾಮ್ ಕ್ಷಿಪಣಿಯ ಚೂರುಗಳೂ ಇಂಥ ದೂರಗಾಮಿ ಅಸ್ತ್ರದವೇ.

ಹೀಗೆಂದು ವಿಮಾನದ ಚುರುಕುತನ ಬೇಡವೆಂದಲ್ಲ. ಅದರ ಬಳಕೆಯ ರೀತಿ ಬದಲಾಗಿದೆ. ಕ್ಷಿಪಣಿ ಹಾರಿಸಿದೊಡನೆ ಪಕ್ಕಕ್ಕೆ ಓರೆಯಾಗಿ ಸಾಗುತ್ತ, ಗುರಿಯನ್ನು ತನ್ನ ರೇಡಾರ್‌ನ ಅಂಚಿನಲ್ಲಿ ಉಳಿಸಿಕೊಳ್ಳುವುದು ಒಂದು ಪಟ್ಟು. ಎದುರಾಳಿಯ ರೇಡಾರ್‌ಗೆ ಅಡ್ಡಲಾಗಿ ಹಾರಿ, ನೆಲದ ಪ್ರತಿಫಲನದಲ್ಲಿ ಬೆರೆತುಹೋಗಲು ಯತ್ನಿಸುವುದು ಇನ್ನೊಂದು. ತನ್ನತ್ತ ಬರುತ್ತಿರುವ ಕ್ಷಿಪಣಿಗೆ ಬೆನ್ನು ತಿರುಗಿಸಿ, ಅದರ ಕಸುವು ತೀರುವವರೆಗೆ ಪೂರ್ಣ ವೇಗದಲ್ಲಿ ದೂರ ಸರಿಯುವುದು ಮತ್ತೊಂದು. ನೋಡುಗರ ಚಪ್ಪಾಳೆ ಗಿಟ್ಟಿಸದ ಈ ಸಾದಾ ತಿರುವುಗಳೇ ಇಂದು ಪೈಲಟ್‌ನ ಪ್ರಾಣ ಉಳಿಸುತ್ತವೆ.

ಹಾಗಾದರೆ ವ್ಯರ್ಥವೇ?

ಸಮೀಪದ ಕಾಳಗ ಮುಗಿದೇಹೋಯಿತೆಂದು ನಂಬಿದವರು ಹಿಂದೆಯೂ ಎಡವಿದ್ದಾರೆ. ಕ್ಷಿಪಣಿಗಳೇ ಸಾಕೆಂದು ಬಂದೂಕಿಲ್ಲದೆ ರೂಪಿಸಿದ ಅಮೆರಿಕದ ಫ್ಯಾಂಟಮ್ ವಿಮಾನಗಳು ವಿಯೆಟ್ನಾಂ ಯುದ್ಧದಲ್ಲಿ ಪೆಟ್ಟು ತಿಂದವು. ಅದರ ಪಾಠವಾಗಿ 1969ರಲ್ಲಿ ಅಮೆರಿಕದ ನೌಕಾಪಡೆ 'ಟಾಪ್ ಗನ್' ತರಬೇತಿ ಶಾಲೆಯನ್ನು ತೆರೆಯಿತು. ವಿಮಾನವನ್ನು ಅದರ ಮಿತಿಯ ಅಂಚಿಗೆ ಒಯ್ದು ಹಿಡಿತ ತಪ್ಪದೆ ಮರಳಿ ತರುವ ಪಳಗಿಕೆ, ನಿಯಂತ್ರಣ ವ್ಯವಸ್ಥೆಯ ವಿಶ್ವಾಸಾರ್ಹತೆ, ಇಂಜಿನ್ನಿನ ತಾಳಿಕೆ ಇವೆಲ್ಲಕ್ಕೂ ಕಸರತ್ತು ಒಂದು ಒರೆಗಲ್ಲು.

ಆದರೆ ಈ ಒರೆಗಲ್ಲಿಗೆ ತೆರಬೇಕಾದ ಬೆಲೆಯೂ ಇದೆ. ನೆಲಕ್ಕೆ ಹತ್ತಿರ ಹಾರುವಾಗ ತಪ್ಪು ತಿದ್ದಿಕೊಳ್ಳಲು ಎತ್ತರವೇ ಇರುವುದಿಲ್ಲ. 2002ರಲ್ಲಿ ಉಕ್ರೇನಿನ ಲ್ವಿವ್ ಬಳಿ ಸುಖೋಯ್-27 ಜನರ ಮೇಲೆ ಬಿದ್ದು 77 ಮಂದಿ ಸತ್ತರು. 2019ರ ಏರೋ ಇಂಡಿಯಾದ ಮುನ್ನಾದಿನ ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟರು. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದ ವೇಳೆ ತೇಜಸ್ ಪತನಗೊಂಡು ಅದರ ಪೈಲಟ್ ಅಸುನೀಗಿದರು.

2025ರ ಫೆಬ್ರವರಿಯಲ್ಲಿ ರಷ್ಯಾದ ಸುಖೋಯ್-57 ಮತ್ತು ಅಮೆರಿಕದ ಎಫ್-35 ಒಟ್ಟಿಗೆ ಯಲಹಂಕಕ್ಕೆ ಬಂದಾಗ ಸುಖೋಯ್‌ನ ಕಸರತ್ತು ಜನಮನ ಸೆಳೆಯಿತು. ಆದರೆ ಯಾವ ವಿಮಾನ ದೇಶಕ್ಕೆ ಹಿತವೆಂದು ನಿರ್ಧರಿಸಬೇಕಾದವರು ರೇಡಾರ್, ಕ್ಷಿಪಣಿ, ಮರೆಯಾಗಿ ಹಾರುವ ಶಕ್ತಿ, ಬಿಡಿಭಾಗಗಳ ಪೂರೈಕೆ ಮತ್ತು ಪೈಲಟ್‌ಗಳ ತರಬೇತಿಯನ್ನು ಮೊದಲು ತೂಗಿ ನೋಡಬೇಕು. ಕೆಲವು ನಿಮಿಷಗಳ ಕಸರತ್ತಿನಲ್ಲಿ ಇವು ಯಾವುವೂ ಕಾಣುವುದಿಲ್ಲ.